ಒಂದು ಲೀಟರ್ ಪೆಟ್ರೋಲನ್ನು ಫೋಟೋದಲ್ಲಿ ತೋರಿಸುವುದು ಹೇಗೆ

ಸುರತ್ಕಲ್‌ನಲ್ಲಿ ನಮ್ಮದೊಂದು ಸ್ಟುಡಿಯೋ ಇದೆ. 26 ವರ್ಷದಿಂದ ಮದುವೆ, ನಾಮಕರಣ, ಗೃಹಪ್ರವೇಶ, ಪಾಸ್‌ಪೋರ್ಟ್ ಫೋಟೋ, ಇದೇ ನನ್ನ ಕೆಲಸ. ಭಾನುವಾರ ಬೆಳಿಗ್ಗೆ ಮಾತ್ರ ಬೇರೆ. ಆಗ ನಾನು ಎಣ್ಣೆಯ ಫೋಟೋ ತೆಗೆಯುತ್ತೇನೆ. ಪೆಟ್ರೋಲು, ಡೀಸೆಲು, ಸೀಮೆಎಣ್ಣೆ, ಡಾಂಬರು, ಪ್ಲಾಸ್ಟಿಕ್ಕು, ನೆಲದಡಿಯ ಕಚ್ಚಾ ಎಣ್ಣೆಯಿಂದ ಹುಟ್ಟಿದ ಎಲ್ಲವೂ. ಅದನ್ನು ಉರಿಸಿ ಉರಿಸಿ ಬಿಸಿಯಾಗುತ್ತಿರುವ ಗಾಳಿ, ಕಡಲು ಕೂಡ. ಕೆಲವು ಹುಡುಗ ಹುಡುಗಿಯರು ನನ್ನ ಜೊತೆ ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: ಎಲ್ಲಿಂದ ಶುರು ಮಾಡುವುದು? ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಷ್ಟ ಎಲ್ಲಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಎಣ್ಣೆ ಕಾಣುವುದಿಲ್ಲ.

ನಮ್ಮ ಊರಿನಷ್ಟು ಎಣ್ಣೆ ಇರುವ ಊರು ರಾಜ್ಯದಲ್ಲಿ ಇನ್ನೊಂದಿಲ್ಲ. ಎಂಆರ್‌ಪಿಎಲ್ ಎಂಬ ರಿಫೈನರಿ, ಅಂದರೆ ಕಚ್ಚಾ ಎಣ್ಣೆ ಸಂಸ್ಕರಿಸುವ ಕಾರ್ಖಾನೆ, 1996ರಿಂದ ನಡೆಯುತ್ತಿದೆ. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ಎಣ್ಣೆ ಸಂಸ್ಕರಿಸುವ ಶಕ್ತಿ ಅದಕ್ಕಿದೆ. ದೇಶದ ತುರ್ತು ಸಂಗ್ರಹಕ್ಕೆಂದು ಬಂಡೆ ಕೊರೆದು ಮಾಡಿದ ಗುಹೆಗಳು ಇಲ್ಲೇ ಇವೆ. ಮಂಗಳೂರಿನದರಲ್ಲಿ 15 ಲಕ್ಷ ಟನ್ ಹಿಡಿಯುತ್ತದೆ, ಉಡುಪಿ ಜಿಲ್ಲೆಯ ಪಾದೂರಿನದರಲ್ಲಿ 25 ಲಕ್ಷ ಟನ್. ಆದರೆ ಪಾದೂರಿನ ಕಡೆ ಹೋಗಿ ನೋಡಿ. ಗದ್ದೆ, ತೆಂಗು, ಗೇರುಮರ, ಶಾಲೆಗೆ ಹೋಗುವ ಮಕ್ಕಳು. ಹಡಗಿನಿಂದ ಎಣ್ಣೆ ಕಡಲಡಿಯ ಪೈಪಿನಲ್ಲಿ ದಡಕ್ಕೆ ಬರುತ್ತದೆ. ಇಲ್ಲಿಂದ ನೆಲದಡಿಯ ಪೈಪಿನಲ್ಲಿ ಹಾಸನ, ಬೆಂಗಳೂರಿಗೆ ಹೋಗುತ್ತದೆ. ಟ್ಯಾಂಕರಿನ ಹೊಟ್ಟೆಯಿಂದ ಬಂಕಿನ ಹೊಟ್ಟೆಗೆ, ಅಲ್ಲಿಂದ ನಮ್ಮ ಸ್ಕೂಟರಿನ ಹೊಟ್ಟೆಗೆ. ಕೊನೆಗೆ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹುಟ್ಟಿದಲ್ಲಿಂದ ಸಾಯುವವರೆಗೆ ಕಣ್ಣಿಗೆ ಬೀಳದ ವಸ್ತು. ಅದನ್ನು ಕಣ್ಣಿಗೆ ಬೀಳಿಸುವುದೇ ನಮ್ಮ ಕೆಲಸ.

ಚಿಮಣಿಯ ಹಿಂದೆ ಹೋಗಬೇಡಿ

ಹೊಸಬರೆಲ್ಲ ಮೊದಲು ಮಾಡುವುದು ಇದೇ. ಸಂಜೆ ಕೆಂಪು ಆಕಾಶ, ಅದರ ಮುಂದೆ ಚಿಮಣಿ, ತುದಿಯಲ್ಲಿ ಬೆಂಕಿ. ನಾನೂ ಅದನ್ನೇ ಮಾಡಿದೆ. ಒಂದು ಗೇಟಿನ ಹತ್ತಿರ ಉದ್ದ ಲೆನ್ಸ್ ಹಾಕಿಕೊಂಡು ನಿಂತಿದ್ದೆ. ಸೆಕ್ಯುರಿಟಿಯವರು ಬಂದರು. ಒಂದು ಗಂಟೆ ಕೂರಿಸಿ, ಕಾರ್ಡಿನಲ್ಲಿದ್ದ ಎಲ್ಲ ಫೋಟೋ ಅಳಿಸಿದರು. ಹಿಂದಿನ ದಿನದ ಒಂದು ಮದುವೆಯ ಮೆಹಂದಿ ಫೋಟೋಗಳೂ ಅದರಲ್ಲಿದ್ದವು. ಮನೆಯಲ್ಲಿ ಪ್ರತಿ ಇದ್ದುದರಿಂದ ಆ ಮದುಮಗಳ ಮುಂದೆ ತಲೆ ತಗ್ಗಿಸುವುದು ತಪ್ಪಿತು.

ಹಾಗಾಗಿ ಕಾನೂನಿನ ವಿಷಯ ಸ್ಪಷ್ಟ ಇರಲಿ. ಬಂದರು, ರಿಫೈನರಿ, ಎಣ್ಣೆ ಸಂಗ್ರಹದ ಜಾಗ ಇವೆಲ್ಲ ಕಾವಲಿನ ಜಾಗಗಳು. 1923ರ ಅಧಿಕೃತ ರಹಸ್ಯ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಬರಹದಲ್ಲಿ ಅನುಮತಿ ಇಲ್ಲದೆ ಗೇಟು, ಕಾಂಪೌಂಡು, ಜೆಟ್ಟಿಯ ಕಡೆ ಕ್ಯಾಮೆರಾ ತಿರುಗಿಸಬೇಡಿ. ಡ್ರೋನ್ ಅಂತೂ ಬೇಡವೇ ಬೇಡ. ಬಜಪೆ ವಿಮಾನ ನಿಲ್ದಾಣ ಹತ್ತಿರ, ಬಂದರು ಹತ್ತಿರ.

ಆದರೆ ಕಾನೂನಿಗಿಂತ ದೊಡ್ಡ ಕಾರಣ ಬೇರೆ ಇದೆ. ಚಿಮಣಿಯ ಫೋಟೋ ನೋಡಿದವರು "ಅವರು ಹೊಗೆ ಬಿಡುತ್ತಾರೆ" ಅಂದುಕೊಳ್ಳುತ್ತಾರೆ. ತಾನು ಆ ಫೋಟೋದಲ್ಲಿ ಇದ್ದೇನೆ ಎಂದು ಯಾರಿಗೂ ಅನ್ನಿಸುವುದಿಲ್ಲ. ನಮ್ಮ ಅಜ್ಜಿ ಪಣಂಬೂರಿನವರು. ಬಂದರು ಕಟ್ಟುವಾಗ ಮನೆ, ಗದ್ದೆ ಬಿಟ್ಟು ಕಾಟಿಪಳ್ಳಕ್ಕೆ ಬಂದವರು. ಆಮೇಲೆ ಅದೇ ಬಂದರಿನ ಕೆಲಸದಿಂದ ಮಾವನ ಮನೆ ಎದ್ದಿತು. ನಮ್ಮ ಊರಿನಲ್ಲಿ "ಅವರು", "ನಾವು" ಎಂದು ಗೆರೆ ಎಳೆಯುವುದು ಸುಲಭ ಅಲ್ಲ. ಎಣ್ಣೆ ನಮ್ಮ ಕೈಗೆ ತಾಗುವ ಜಾಗದಲ್ಲಿ ಕ್ಯಾಮೆರಾ ಇಡಿ. ನಾನು ಹೇಳುವ ಉಳಿದದ್ದೆಲ್ಲ ಇದರಿಂದಲೇ ಹುಟ್ಟಿದ್ದು.

ಜಗತ್ತಿನ ಮೊದಲ ಫೋಟೋ ಡಾಂಬರಿನದು

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಇಂದಿಗೂ ಉಳಿದಿರುವ, ಕ್ಯಾಮೆರಾದಿಂದ ತೆಗೆದ ಅತಿ ಹಳೆಯ ಫೋಟೋ ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ಎಂಬವರದು. 1826 ಅಥವಾ 1827ರಲ್ಲಿ ತೆಗೆದದ್ದು. ಅವರು ತವರದ ಮಿಶ್ರಲೋಹದ ತಗಡಿಗೆ ಬಿಟುಮೆನ್ ಹಚ್ಚಿದರು. ಬಿಟುಮೆನ್ ಅಂದರೆ ನಮ್ಮ ರಸ್ತೆಗೆ ಹಾಕುವ ಡಾಂಬರಿನ ಜಾತಿಯದೇ. ಬೆಳಕು ಬಿದ್ದಲ್ಲಿ ಅದು ಗಟ್ಟಿಯಾಗುತ್ತದೆ. ಬೀಳದಲ್ಲಿ ಮೆತ್ತಗೆ ಉಳಿಯುತ್ತದೆ. ಮೆತ್ತಗಿದ್ದದ್ದನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ತೊಳೆದರು. ಕಿಟಕಿಯಿಂದ ಕಾಣುವ ಮನೆ ಮಾಡುಗಳು ತಗಡಿನ ಮೇಲೆ ಉಳಿದವು. ಅದಕ್ಕೆ ಕನಿಷ್ಠ 8 ಗಂಟೆ ಬೆಳಕು ಬೇಕಾಗಿತ್ತು. ಆ ತಗಡು ಈಗ ಅಮೆರಿಕದ ಟೆಕ್ಸಾಸ್‌ನಲ್ಲಿ, ಆಸ್ಟಿನ್ ನಗರದ ಒಂದು ಸಂಗ್ರಹಾಲಯದಲ್ಲಿದೆ. ಟೆಕ್ಸಾಸ್ ಅಂದರೆ ಎಣ್ಣೆಯ ನಾಡು.

ಅಂದರೆ ಫೋಟೋಗ್ರಫಿಯ ನೆಂಟಸ್ತಿಕೆ ಎಣ್ಣೆಯ ಜೊತೆ ಮೊದಲಿನಿಂದಲೂ ಇದೆ. ಕೆನಡಾದ ವಾರನ್ ಕ್ಯಾರಿಯು ಎಂಬ ಕಲಾವಿದರು ಇದೇ ದಾರಿ ಹಿಡಿದಿದ್ದಾರೆ. ಅಲ್ಲಿನ ಅಥಬಾಸ್ಕ ಪ್ರದೇಶದಲ್ಲಿ ಮರಳಿನ ಜೊತೆ ಬೆರೆತ ಡಾಂಬರನ್ನು ಅಗೆದು ಎಣ್ಣೆ ಮಾಡುತ್ತಾರೆ. ಕ್ಯಾರಿಯು ಆ ಡಾಂಬರಿನಿಂದಲೇ ಆ ಗಣಿಗಳ ಫೋಟೋ ಮಾಡುತ್ತಾರೆ. ಅದು ಮಿರುಗುವ ತಗಡು. ಹತ್ತಿರ ಹೋದರೆ ಗಣಿಯ ಜೊತೆ ನೋಡುವವರ ಮುಖವೂ ಕಾಣುತ್ತದೆ.

ನಾವು ಸಣ್ಣವರಿದ್ದಾಗ ಸುರತ್ಕಲ್ ಕಡಲ ಬದಿಯಲ್ಲಿ ನಡೆದು ಬಂದರೆ ಅಂಗಾಲಿಗೆ ಕಪ್ಪು ಜಿಡ್ಡು ಅಂಟಿಕೊಳ್ಳುತ್ತಿತ್ತು. ಹಡಗುಗಳಿಂದ ಚೆಲ್ಲಿದ ಎಣ್ಣೆ ಗಟ್ಟಿಯಾಗಿ, ಉಂಡೆಯಾಗಿ ದಡಕ್ಕೆ ಬರುತ್ತದೆ. ಅಮ್ಮ ಜಗಲಿಯಲ್ಲಿ ಕೂರಿಸಿ ತೆಂಗಿನೆಣ್ಣೆ ಹಚ್ಚಿ ತಿಕ್ಕಿ ತೆಗೆಯುತ್ತಿದ್ದರು. ಮಳೆಗಾಲದ ಮೊದಲು ಈಗಲೂ ಅಂಥ ಉಂಡೆ ಸಿಗುತ್ತದೆ. ಅದರಿಂದ ಫೋಟೋ ಮಾಡುತ್ತೇವೆ ಎಂದು ಮನೆಯಲ್ಲಿ ಕರಗಿಸಲು ಹೋಗಬೇಡಿ. ಹೊಗೆ ಒಳ್ಳೆಯದಲ್ಲ, ಬೆಂಕಿ ಹಿಡಿಯುತ್ತದೆ. ಬಿಳಿ ಕಾಗದದ ಮೇಲೆ ಇಟ್ಟು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಕಿಟಕಿ ಬೆಳಕಿನಲ್ಲಿ ಹತ್ತಿರದಿಂದ ತೆಗೆಯಿರಿ. ಸಿಕ್ಕಿದ ದಿನ, ಜಾಗ ಬರೆದಿಡಿ. ಅಷ್ಟೇ ಸಾಕು.

ಮೊದಲ ವಾರ: ಕೈಗೆ ತಾಗಿದ್ದೆಲ್ಲ

ಒಂದು ವಾರ ಮೊಬೈಲ್ ಸಾಕು. ಬೆಳಿಗ್ಗೆ ಎದ್ದಲ್ಲಿಂದ ಎಣ್ಣೆಯಿಂದ ಬಂದ ಯಾವ ವಸ್ತು ಕೈಗೆ ತಾಗಿದರೂ ಒಂದು ಫೋಟೋ. ಹಲ್ಲುಜ್ಜುವ ಬ್ರಷ್, ಬಕೆಟ್, ಗ್ಯಾಸ್ ಒಲೆ, ಹಾಲಿನ ತೊಟ್ಟೆ, ಚಪ್ಪಲಿ, ಬಸ್ಸಿನ ಸೀಟು, ಮಳೆಗಾಲದಲ್ಲಿ ಜಗಲಿಗೆ ಕಟ್ಟುವ ನೀಲಿ ಟಾರ್ಪಾಲು, ನೈಲಾನ್ ಬಲೆ. ಎಲ್ಲವನ್ನೂ ಒಂದೇ ದೂರದಿಂದ, ಕೈ ಸಮೇತ ತೆಗೆಯಿರಿ. ಕೈ ಮುಖ್ಯ. ನನ್ನ ಮೊದಲ ದಿನದಲ್ಲೇ 61 ಫೋಟೋ ಆಯಿತು, ಮಧ್ಯಾಹ್ನ ಊಟದ ಒಳಗೆ.

ದೊಡ್ಡವರಿಂದ ಏನು ಕದಿಯಬಹುದು

ಎಡ್ವರ್ಡ್ ಬರ್ಟಿನ್‌ಸ್ಕಿ ಕೆನಡಾದ ಫೋಟೋಗ್ರಾಫರ್. 1997ರಿಂದ ಹತ್ತು ವರ್ಷಕ್ಕೂ ಜಾಸ್ತಿ ಎಣ್ಣೆಯ ಬೆನ್ನು ಹಿಡಿದು ಹೋದರು. ಬಾವಿ, ರಿಫೈನರಿ, ಹೆದ್ದಾರಿ, ಕಾರಿನ ರಾಶಿ, ಕೊನೆಗೆ ಬಾಂಗ್ಲಾದೇಶದ ಚಿತ್ತಗಾಂಗ್ ದಡದಲ್ಲಿ ಹಡಗು ಒಡೆಯುವ ಜಾಗದವರೆಗೆ. ಅವರಿಂದ ಕಲಿಯಬೇಕಾದದ್ದು ಕ್ರಮ. ಒಂದು ಫೋಟೋದಲ್ಲಿ ಎಲ್ಲ ಹೇಳಲು ಹೋಗದೆ ಒಂದು ದಾರಿಯನ್ನು ಹಿಡಿದು ಕೊನೆ ಮುಟ್ಟುವುದು. ಆದರೆ ಅವರ ಹಾಗೆ ದೂರದಿಂದ, ಎತ್ತರದಿಂದ ತೆಗೆದರೆ ಮನುಷ್ಯರು ಇರುವೆಗಳಂತೆ ಆಗುತ್ತಾರೆ. ಚಂದ ಮಾತ್ರ ಉಳಿಯುವ ಅಪಾಯ ಇದೆ. ನನಗೆ ಅದು ಹಿಡಿಸುವುದಿಲ್ಲ.

ಬ್ರೆಜಿಲ್‌ನ ಸೆಬಾಸ್ಟಿಯಾವೊ ಸಲ್ಗಾಡೊ ಹತ್ತಿರ ಹೋದವರು. 1991ರ ಯುದ್ಧದಲ್ಲಿ ಕುವೈತಿನ 600ಕ್ಕೂ ಹೆಚ್ಚು ಎಣ್ಣೆ ಬಾವಿಗಳು ಹೊತ್ತಿ ಉರಿದಾಗ ಅಲ್ಲಿದ್ದರು. ಬೆಂಕಿ ನಂದಿಸುವವರು ಅಡಿಯಿಂದ ಮುಡಿಯವರೆಗೆ ಎಣ್ಣೆಯಲ್ಲಿ ತೊಯ್ದು ನಿಂತಿದ್ದಾರೆ. ಆ ಫೋಟೋಗಳಲ್ಲಿ ಎಣ್ಣೆಗೆ ತೂಕ ಇದೆ. ನಮ್ಮ ಊರಿನಿಂದ ಕುವೈತಿಗೆ ಹೋದವರು ಎಷ್ಟು ಜನ! ಪಕ್ಕದ ಮನೆಯ ಒಬ್ಬರು ಆ ಯುದ್ಧಕ್ಕೇ ಎಲ್ಲ ಬಿಟ್ಟು ಓಡಿ ಬಂದವರು. ಆ ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಹಗಲಲ್ಲೇ ಕತ್ತಲೆ ಆಗಿತ್ತಂತೆ" ಎಂದಷ್ಟೇ ಹೇಳಿದರು.

ಎಡ್ ಕಾಶಿ ಅವರು ನೈಜೀರಿಯಾದ ನೈಜರ್ ನದಿಯ ಮುಖಜ ಪ್ರದೇಶದಲ್ಲಿ ತೆಗೆದದ್ದರಲ್ಲಿ ಒಂದನ್ನು ನಾನು ಯಾವಾಗಲೂ ತೋರಿಸುತ್ತೇನೆ. ಎಣ್ಣೆ ತೆಗೆಯುವಾಗ ಬರುವ ಅನಿಲವನ್ನು ಅಲ್ಲಿ ಸುಮ್ನೆ ಉರಿಸಿಬಿಡುತ್ತಾರೆ. ಆ ಉರಿಯ ಶಾಖದಲ್ಲಿ ಹೆಂಗಸರು ಮರಗೆಣಸಿನ ಹಪ್ಪಳದಂಥದ್ದನ್ನು ಒಣಗಿಸುತ್ತಿದ್ದಾರೆ. ಉರಿಯ ಕೆಳಗೆ ದಿನದ ಅನ್ನ. ಆ ಫೋಟೋದಲ್ಲಿ ಯಾರೂ ಅಳುತ್ತಿಲ್ಲ, ಕೆಲಸ ಮಾಡುತ್ತಿದ್ದಾರೆ.

ಗಿಡಿಯನ್ ಮೆಂಡೆಲ್ 2007ರಿಂದ ನೆರೆನೀರು ನುಗ್ಗಿದ ಊರುಗಳಿಗೆ ಹೋಗುತ್ತಿದ್ದಾರೆ. ನೀರು ತುಂಬಿದ ಮನೆಯಲ್ಲಿ ಮನೆಯವರನ್ನು ನಿಲ್ಲಿಸಿ, ಅವರು ನೇರ ಕ್ಯಾಮೆರಾ ನೋಡುವಾಗ ತೆಗೆಯುತ್ತಾರೆ. ಮದುವೆ ಫೋಟೋ ತೆಗೆಯುವ ನನಗೆ ಇದು ಬೇಗ ಅರ್ಥವಾಯಿತು. ನಿಲ್ಲಿಸಿ ತೆಗೆದರೆ ಗೌರವ ಬರುತ್ತದೆ.

ಪೆಟ್ಟಿಗೆ ಕಟ್ಟುವುದು

ಇದು ನನ್ನದೇ ಲೆಕ್ಕ, ನನ್ನದೇ ಕೆಲಸ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 750 ಗ್ರಾಂ. ಉರಿದಾಗ ಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 2.3 ಕಿಲೋ. ಮುಕ್ಕಾಲು ಕಿಲೋದಿಂದ ಎರಡೂಕಾಲು ಕಿಲೋ ಹೇಗೆ ಬಂತು ಎಂದು ಎಲ್ಲರೂ ಕೇಳುತ್ತಾರೆ. ಪೆಟ್ರೋಲಿನಲ್ಲಿರುವ ಇಂಗಾಲ ಉರಿಯುವಾಗ ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ. ಪ್ರತಿ 12 ಗ್ರಾಂ ಇಂಗಾಲಕ್ಕೆ 32 ಗ್ರಾಂ ಆಮ್ಲಜನಕ. ತೂಕ ಗಾಳಿಯಿಂದ ಬಂದದ್ದು. ನಮ್ಮ ಊರಿನ 30 ಡಿಗ್ರಿ ಸೆಖೆಯಲ್ಲಿ ಈ 2.3 ಕಿಲೋ ಅನಿಲ ಸುಮಾರು 1,300 ಲೀಟರ್ ಜಾಗ ಹಿಡಿಯುತ್ತದೆ. ಅದನ್ನು ಚೌಕದ ಪೆಟ್ಟಿಗೆಯಲ್ಲಿ ತುಂಬಿದರೆ ಉದ್ದ, ಅಗಲ, ಎತ್ತರ ಎಲ್ಲವೂ 109 ಸೆಂಟಿಮೀಟರ್, ಅಂದರೆ 3 ಅಡಿ 7 ಇಂಚು.

ಸುರತ್ಕಲ್‌ನಿಂದ ಉಡುಪಿಗೆ ಸುಮಾರು 40 ಕಿಲೋಮೀಟರ್. ನನ್ನ ಸ್ಕೂಟರಿಗೆ ಹೆಚ್ಚುಕಮ್ಮಿ ಒಂದು ಲೀಟರ್. ಉಡುಪಿಗೆ ಒಂದು ಸಲ ಹೋದರೆ ಒಂದು ಪೆಟ್ಟಿಗೆ, ಬಂದರೆ ಇನ್ನೊಂದು.

ಆ ಪೆಟ್ಟಿಗೆಯನ್ನು ಕಟ್ಟಿ ನಿಲ್ಲಿಸಿ. ಪಿವಿಸಿ ಪೈಪ್ ಬೇಡ, ಅದೂ ಎಣ್ಣೆಯೇ. ಅಡಿಕೆ ಮರದ ಸೀಳು ಅಥವಾ ಬಿದಿರು ತೆಗೆದುಕೊಳ್ಳಿ, ತಲಾ 109 ಸೆಂಟಿಮೀಟರಿನ 12 ತುಂಡು. ಸುಣ್ಣ ಬಳಿದು ಒಣಗಿಸಿ. ಬಿಳಿ ಇದ್ದರೆ ನಮ್ಮ ಊರಿನ ಹಸಿರಿನ ಮುಂದೆ, ಕೆಂಪು ಕಲ್ಲಿನ ಮುಂದೆ ಎದ್ದು ಕಾಣುತ್ತದೆ. ನೆಲದ ಮೇಲೆ ಎರಡು ಚೌಕ ಕಟ್ಟಿ, ಆಮೇಲೆ ನಾಲ್ಕು ಕಂಬ ನಿಲ್ಲಿಸಿ. ತೆಂಗಿನ ನಾರಿನ ಹಗ್ಗದಲ್ಲಿ ಮೂಲೆಗಳನ್ನು ಅಡ್ಡ, ಉದ್ದ ಎರಡೂ ಕಡೆಯಿಂದ ಸುತ್ತಿ ಬಿಗಿಯಿರಿ. ಚಪ್ಪರ ಕಟ್ಟುವವರು ಯಾರಾದರೂ ಇದ್ದರೆ ಅವರಿಂದ ಕಲಿಯಿರಿ, ಐದು ನಿಮಿಷದ ಕೆಲಸ. ನನಗೆ ಕಲಿಸಿದ್ದು ನಮ್ಮ ಬೀದಿಯಲ್ಲಿ ಶಾಮಿಯಾನ ಹಾಕುವ ಅಣ್ಣ.

ತೆಗೆಯುವಾಗ ಕ್ಯಾಮೆರಾ ಪೆಟ್ಟಿಗೆಯ ಅರ್ಧ ಎತ್ತರಕ್ಕೆ ಇರಲಿ, ನೆಲದಿಂದ ಒಂದೂಮುಕ್ಕಾಲು ಅಡಿ. ಇಲ್ಲದಿದ್ದರೆ ಕಂಬಗಳು ಓರೆಯಾಗಿ ಕಾಣುತ್ತವೆ. ಐದಾರು ಹೆಜ್ಜೆ ಹಿಂದೆ ಹೋಗಿ, 50 ಎಂಎಂ ಲೆನ್ಸ್ ಹಾಕಿ. ಮೊಬೈಲಾದರೆ ಎರಡು ಪಟ್ಟು ಜೂಮ್ ಮಾಡಿ. ಅಗಲದ ಲೆನ್ಸಿನಲ್ಲಿ ಹತ್ತಿರದ ಮೂಲೆ ಉಬ್ಬಿ ಪೆಟ್ಟಿಗೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದು ಮೋಸ. ಅಳತೆಯೇ ನಮ್ಮ ಮಾತು, ಅದನ್ನು ಹಿಗ್ಗಿಸಬಾರದು. ಸ್ಕೂಟರನ್ನು ಪೆಟ್ಟಿಗೆಯ ಪಕ್ಕ ನಿಲ್ಲಿಸಿ, ಹಿಂದೆ ಬೇಡ. ಬೆಳಿಗ್ಗೆ ಎಂಟರ ಒಳಗೆ ತೆಗೆಯಿರಿ. ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಕೋಲುಗಳ ನೆರಳು ಕೋಲಿನ ಮೇಲೇ ಬಿದ್ದು ಎಲ್ಲ ಗೋಜಲಾಗುತ್ತದೆ.

ನನ್ನ ಅತ್ಯುತ್ತಮ ಫೋಟೋದಲ್ಲಿ ಅಮ್ಮ ಪೆಟ್ಟಿಗೆಯ ಒಳಗೆ ಸ್ಟೂಲ್ ಹಾಕಿ ಕೂತಿದ್ದಾರೆ. ಅವರಿಗೆ 74 ವರ್ಷ. ಕೂತರೆ ತಲೆ ಮೇಲಿನ ಕೋಲಿನಿಂದ ಆಚೆ ಬರುತ್ತದೆ. "ಒಂದು ಲೀಟರಿಗೆ ಇಷ್ಟಾ ಮಗಾ?" ಎಂದು ಕೇಳಿದರು. "ಹೌದಮ್ಮ." "ಅಪ್ಪನ ಬೋಟಿಗೆ ಎಷ್ಟು ಪೆಟ್ಟಿಗೆ ಆಗಿರಬಹುದು?" ಅಪ್ಪ ಟ್ರಾಲ್ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ನಾನು ಉತ್ತರ ಹೇಳಲಿಲ್ಲ. ಅವರ ಮುಖ ಹಾಗೇ ಇತ್ತು, ಕ್ಲಿಕ್ ಮಾಡಿದೆ.

ಒಂದು ವಾರದ ಪೆಟ್ಟಿಗೆಗಳನ್ನು ಒಂದೇ ಫೋಟೋದಲ್ಲಿ ತೋರಿಸಬಹುದು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಗಟ್ಟಿ ಮಾಡಿ. ಫೋಕಸ್, ಬೆಳಕು ಎರಡನ್ನೂ ಮ್ಯಾನ್ಯುಯಲ್ ಮಾಡಿ. ಮೋಡ ಒಂದೇ ಸಮ ಇರುವ ದಿನ ನೋಡಿಕೊಳ್ಳಿ. ಒಂದು ಕ್ಲಿಕ್, ಪೆಟ್ಟಿಗೆ ಪಕ್ಕಕ್ಕೆ ಸರಿಸಿ, ಮತ್ತೊಂದು ಕ್ಲಿಕ್. ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಲೈಟನ್ ಎಂಬ ಆಯ್ಕೆ ಕೊಡಿ. ಬಿಳಿ ಕೋಲುಗಳೆಲ್ಲ ಉಳಿದುಕೊಳ್ಳುತ್ತವೆ. ಕೆಳಗೆ ಸ್ಪಷ್ಟವಾಗಿ ಬರೆಯಿರಿ: ಪೆಟ್ಟಿಗೆ ಒಂದೇ, ಏಳು ಸಲ ತೆಗೆದದ್ದು.

ಉಡುಪಿಯ ರಥಬೀದಿಗೂ ಒಯ್ದೆ. ಕೋಲು ಬಿಚ್ಚಿ ಕಟ್ಟು ಕಟ್ಟಿ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ. ಬೆಳಿಗ್ಗೆ ಆರಕ್ಕೆ, ಹೂವಿನ ಅಂಗಡಿ ತೆರೆಯುವ ಮೊದಲು ಕಟ್ಟಿ ಮುಗಿಸಿದೆವು. ದೇವಸ್ಥಾನಕ್ಕೆ ಬಂದವರು ನಿಂತು ಕೇಳಿದರು. ವಿವರಿಸಿದೆ. ಒಬ್ಬ ರಿಕ್ಷಾದವರು ಪೆಟ್ಟಿಗೆಯನ್ನು ಸುತ್ತಿ ಸುತ್ತಿ ನೋಡಿ, ತಾವೇ ಅದರ ಪಕ್ಕ ರಿಕ್ಷಾ ತಂದು ನಿಲ್ಲಿಸಿದರು.

ದಕ್ಕೆಯ ನೀರು

ಮಂಗಳೂರಿನ ದಕ್ಕೆ ಅಥವಾ ಮಲ್ಪೆ ಬಂದರಿನಲ್ಲಿ ಬೋಟುಗಳ ಸಂದಿಯ ನೀರು ನೋಡಿ. ಕಾಮನಬಿಲ್ಲಿನ ಬಣ್ಣ ಹರಡಿರುತ್ತದೆ. ಡೀಸೆಲಿನ ಪೊರೆ ಅದು, ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಪೊರೆಯ ಮೇಲಿನಿಂದ, ಕೆಳಗಿನಿಂದ ಬೆಳಕು ಹಿಂದಿರುಗಿ ಒಂದಕ್ಕೊಂದು ಬೆರೆತಾಗ ಬಣ್ಣ ಹುಟ್ಟುತ್ತದೆ.

ಇದನ್ನು ತೆಗೆಯಲು ಮೋಡದ ದಿನವೇ ಬೇಕು. ಬಿಳಿ ಆಕಾಶ ನೀರಿನಲ್ಲಿ ಪ್ರತಿಫಲಿಸುವ ಕೋನದಲ್ಲಿ ನಿಂತರೆ ಬಣ್ಣ ತುಂಬಿ ಬರುತ್ತದೆ. ಬಿಸಿಲಿದ್ದರೆ ಬರೀ ಮಿಣುಕು ಚುಕ್ಕಿಗಳು. ಪೋಲರೈಸರ್ ಫಿಲ್ಟರ್ ಇದ್ದರೆ ತೆಗೆದಿಡಿ. ಅದು ಪ್ರತಿಫಲನವನ್ನೇ ನುಂಗುತ್ತದೆ, ಬಣ್ಣವೂ ಹೋಗುತ್ತದೆ. ಶಟರ್ 1/250ಕ್ಕಿಂತ ಕಮ್ಮಿ ಬೇಡ, ನೀರು ಅಲ್ಲಾಡುತ್ತಲೇ ಇರುತ್ತದೆ. ಬೆಳಕು ಸ್ವಲ್ಪ ಕಡಿಮೆ ಮಾಡಿ. ಫೋಕಸ್ ನೀರಿನ ಮೇಲ್ಮೈಗೆ ಇರಲಿ, ಅದರಲ್ಲಿ ಕಾಣುವ ಬೋಟಿಗೆ ಅಲ್ಲ.

ಇಷ್ಟು ಚಂದದ ಫೋಟೋ ಬಂದಾಗ ಜಾಗ್ರತೆ ಬೇಕು. ಬಣ್ಣ ಮಾತ್ರ ಇದ್ದರೆ ಅದು ಕ್ಯಾಲೆಂಡರ್ ಆಗುತ್ತದೆ. ಒಂದು ಹಗ್ಗ, ಒಂದು ಮೀನಿನ ಬಾಲ, ಬೋಟಿನ ಸಂಖ್ಯೆ ಇಲ್ಲದ ಒಂದು ಮೂಲೆ, ಏನಾದರೂ ಒಂದು ಇರಲಿ. ನಾನು ಹೀಗೆ ಬಗ್ಗಿ ತೆಗೆಯುತ್ತಿದ್ದಾಗ ಬೋಟು ನಡೆಸುವ ಒಬ್ಬ ತಾಂಡೇಲರು ಮೇಲಿನಿಂದ ಕೇಳಿದರು.

"ಅಕ್ಕ, ಬೋಟಿನ ಫೋಟೋ ತೆಗೀರಿ. ನೀರಿನದ್ದು ಎಂತಕ್ಕೆ?"

"ಇದು ಡೀಸೆಲಿನ ಬಣ್ಣ ಅಲ್ವಾ ಅಣ್ಣ?"

"ಹೌದು ಮಾರಾಯ್ರೆ. ನೀರಿಗೆ ಹೋದದ್ದು ಕಾಣ್ತದೆ. ಉರಿದು ಹೋದದ್ದು ಉಂಟಲ್ಲ, ಅದರ ಲೆಕ್ಕ ನಾವೇ ಕೊಡ್ಬೇಕು. ಮೊದಲು ಮೀನು ಹತ್ತಿರ ಸಿಕ್ತಿತ್ತು. ಈಗ ಹುಡುಕಿ ಹುಡುಕಿಯೇ ಟ್ಯಾಂಕ್ ಅರ್ಧ ಖಾಲಿ."

ಆ ಮಾತನ್ನು ಅವರ ಒಪ್ಪಿಗೆ ಕೇಳಿ ಫೋಟೋದ ಕೆಳಗೆ ಹಾಗೇ ಬರೆದೆ. ನಾನು ಬರೆದ ಯಾವ ವಾಕ್ಯವೂ ಅಷ್ಟು ಚೆನ್ನಾಗಿರಲಿಲ್ಲ. ದಕ್ಕೆಯಲ್ಲಿ ಕೇಳಿ ತೆಗೆಯಿರಿ, ತೆಗೆದದ್ದನ್ನು ತೋರಿಸಿ, ಮುಂದಿನ ವಾರ ಒಂದು ಪ್ರಿಂಟ್ ಒಯ್ದು ಕೊಡಿ. ಕೆಲಸ ಮಾಡುವವರನ್ನು ಮುಖ ಕಾಣದ ಕಪ್ಪು ನೆರಳು ಮಾಡಬೇಡಿ.

ಕಡಲು ತಿಂದ ರಸ್ತೆ

ಉಳ್ಳಾಲ, ಸೋಮೇಶ್ವರ, ಉಚ್ಚಿಲ, ಬಟ್ಟಪಾಡಿ. ಮಳೆಗಾಲದಲ್ಲಿ ಈ ಹೆಸರುಗಳು ಪೇಪರಿನಲ್ಲಿ ತಪ್ಪದೆ ಬರುತ್ತವೆ. ಬಟ್ಟಪಾಡಿಯಲ್ಲಿ ಡಾಂಬರು ರಸ್ತೆಯೇ ತುಂಡಾಗಿ ಕಡಲಿಗೆ ಬಿದ್ದಿತ್ತು. ಆ ಕಪ್ಪು ತುಂಡು, ಅದರ ಮೇಲೆ ನೊರೆ. ಎಣ್ಣೆ, ಕಡಲು ಎರಡೂ ಒಂದೇ ಫೋಟೋದಲ್ಲಿ. 2022ರ ಜೂನ್‌ನಲ್ಲಿ ಇದೇ ಕಡೆ ಪ್ರಿನ್ಸೆಸ್ ಮಿರಾಲ್ ಎಂಬ ಸರಕು ಹಡಗು ಮುಳುಗಿತು. 15 ಜನ ಸಿರಿಯಾದ ನಾವಿಕರು ಪಾರಾದರು. ಹಡಗಿನ ಟ್ಯಾಂಕಿನಲ್ಲಿದ್ದ ಎಣ್ಣೆ ಸೋರೀತು ಎಂದು ಊರಿಡೀ ಹೆದರಿತ್ತು.

ಇಲ್ಲಿ ಒಂದೇ ಫೋಟೋ ಸಾಕಾಗುವುದಿಲ್ಲ. ಒಂದೇ ಜಾಗದಿಂದ ವರ್ಷಗಟ್ಟಲೆ ತೆಗೆಯಬೇಕು. ಅಮೆರಿಕದ ಜೇಮ್ಸ್ ಬ್ಯಾಲಾಗ್ 2007ರಲ್ಲಿ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಅಲಾಸ್ಕದ ಹಿಮನದಿಗಳ ಎದುರು ಕ್ಯಾಮೆರಾ ನೆಟ್ಟು, ಹಿಮ ಹಿಂದೆ ಸರಿಯುವುದನ್ನು ಹೀಗೇ ತೋರಿಸಿದರು. ನಮಗೆ ಅಷ್ಟು ದುಡ್ಡು ಬೇಡ. ಗುರುತಿನ ಜಾಗ ಒಂದು ಬೇಕು. ನಾನು ಮೊದಲು ಒಂದು ತೆಂಗಿನಮರಕ್ಕೆ ಬಣ್ಣ ಹಚ್ಚಿ ಗುರುತು ಮಾಡಿದ್ದೆ. ಎರಡನೇ ಮಳೆಗಾಲಕ್ಕೆ ಮರವೇ ಇರಲಿಲ್ಲ. ಈಗ ದಡದಿಂದ ದೂರ ಇರುವ ಒಂದು ಬಾವಿಕಟ್ಟೆಯಿಂದ ತೆಗೆಯುತ್ತೇನೆ. ಹಳೆಯ ಫೋಟೋದ ಪ್ರಿಂಟ್ ಕೈಯಲ್ಲಿ ಹಿಡಿದು, ಮನೆ ಮೂಲೆ, ವಿದ್ಯುತ್ ಕಂಬ ಎರಡೂ ಅದೇ ಜಾಗಕ್ಕೆ ಬರುವ ತನಕ ಸರಿದಾಡುತ್ತೇನೆ. ಲೆನ್ಸ್, ಎತ್ತರ, ಉಬ್ಬರ ಇಳಿತದ ಹೊತ್ತು ಎಲ್ಲ ಒಂದೇ ಇರಬೇಕು. ಒಂದು ಸಲ ಇಳಿತದಲ್ಲಿ, ಇನ್ನೊಂದು ಸಲ ಅಮಾವಾಸ್ಯೆಯ ಉಬ್ಬರದಲ್ಲಿ ತೆಗೆದು "ನೋಡಿ ಕಡಲು ಎಷ್ಟು ಬಂತು" ಎಂದರೆ ಅದು ಸುಳ್ಳು.

ಬರೆಯುವಾಗಲೂ ಹಾಗೆಯೇ. 1900ರಿಂದ ಈಚೆಗೆ ಜಗತ್ತಿನ ಕಡಲಮಟ್ಟ ಸರಾಸರಿ 20 ಸೆಂಟಿಮೀಟರಿನಷ್ಟು ಏರಿದೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 1958ರಲ್ಲಿ ಹತ್ತು ಲಕ್ಷಕ್ಕೆ 315 ಪಾಲು ಇತ್ತು, ಈಗ 420 ದಾಟಿದೆ. ಅರಬ್ಬಿ ಸಮುದ್ರ ಬಿಸಿಯಾಗಿದೆ, ಚಂಡಮಾರುತ ಜಾಸ್ತಿಯಾಗಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಮೂಲ್ಕಿಯ ಬಂಡೆಗಳಿಗೆ ಸಿಕ್ಕಿಕೊಂಡ ಟಗ್ಗಿನಿಂದ (ಹಡಗು ಎಳೆಯುವ ದೋಣಿ) 9 ಜನರನ್ನು ಪಾರು ಮಾಡಿ ತಂದದ್ದು ನಮಗೆಲ್ಲ ನೆನಪಿದೆ. ಇವೆಲ್ಲ ನಿಜ. ಆದರೆ ಒಂದು ಮನೆ ಬಿದ್ದದ್ದಕ್ಕೆ ಅಳಿವೆಬಾಗಿಲಿಗೆ ಹಾಕಿದ ಕಲ್ಲಿನ ದಂಡೆ, ಮರಳು ತೆಗೆದದ್ದು, ಪಕ್ಕದ ತಡೆಗೋಡೆ ಕೂಡ ಕಾರಣ ಇರುತ್ತದೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಆ ಮನೆಯವರೇ ಒಪ್ಪುವುದಿಲ್ಲ. ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಪ್ರಿಂಟ್

ಫ್ಲೆಕ್ಸ್ ಬೇಡ. ಫ್ಲೆಕ್ಸ್ ಅಂದರೆ ಪಿವಿಸಿ. ಸ್ಟುಡಿಯೋದ ಹೊಳೆಯುವ ಫೋಟೋ ಕಾಗದದ ಎರಡೂ ಬದಿಗೆ ಪಾಲಿಥೀನ್ ಪದರ ಇರುತ್ತದೆ, 26 ವರ್ಷದಿಂದ ಅದನ್ನೇ ಮಾರುತ್ತಿದ್ದೇನೆ. ಈ ಕೆಲಸಕ್ಕೆ ಮಾತ್ರ ಹತ್ತಿಯ ದಪ್ಪ ಕಾಗದ ಅಥವಾ ಬಿಳಿ ಬಟ್ಟೆ ಉಪಯೋಗಿಸುತ್ತೇನೆ.

ಇನ್ನೂ ಒಂದು ದಾರಿ ಇದೆ, ಬಸಳೆ ಹಣ್ಣಿನದು. ಹೂವು ಹಣ್ಣಿನ ಬಣ್ಣ ಬಿಸಿಲಿಗೆ ಮಾಸುತ್ತದೆ. ಅದರಿಂದ ಚಿತ್ರ ಮೂಡಿಸುವುದನ್ನು 1840ರ ದಶಕದಲ್ಲೇ ಇಂಗ್ಲೆಂಡಿನ ಜಾನ್ ಹರ್ಷೆಲ್ ಬರೆದಿದ್ದಾರೆ. ಕಪ್ಪಾಗಿ ಹಣ್ಣಾದ ಬಸಳೆ ಕಾಯಿ ಒಂದು ಲೋಟ ಕಿತ್ತು, ನೀರು ಹಾಕದೆ ಹಿಸುಕಿ, ತೆಳು ಬಟ್ಟೆಯಲ್ಲಿ ಸೋಸಿ. ಕಾಗದಕ್ಕೆ ಮೆತ್ತನೆಯ ಬ್ರಷ್ಷಿನಿಂದ ಮೂರು ಸಲ ಬಳಿದು ಕತ್ತಲೆ ಕೋಣೆಯಲ್ಲಿ ಒಣಗಿಸಿ. ನಿಮ್ಮ ಫೋಟೋವನ್ನು ಕಪ್ಪು ಬಿಳುಪು ಮಾಡಿ, ಕಪ್ಪು ಚೆನ್ನಾಗಿ ಕಪ್ಪಾಗುವಂತೆ ಸಾದಾ ಕಾಗದಕ್ಕೆ ಜೆರಾಕ್ಸ್ ತೆಗೆಯಿರಿ. ನೆಗೆಟಿವ್ ಬೇಡ, ಇದ್ದ ಹಾಗೆಯೇ. ಅದರ ಹಿಂಬದಿಗೆ ತೆಂಗಿನೆಣ್ಣೆ ಸವರಿದರೆ ಕಾಗದ ಗಾಜಿನಂತೆ ಬೆಳಕು ಬಿಡುತ್ತದೆ. ಒಂದು ದಿನ ಪೇಪರಿನ ನಡುವೆ ಒತ್ತಿಡಿ, ಇಲ್ಲದಿದ್ದರೆ ಜಿಡ್ಡು ಬಣ್ಣಕ್ಕೆ ತಾಗುತ್ತದೆ. ಜೆರಾಕ್ಸಿನ ಪುಡಿಯೂ ಪ್ಲಾಸ್ಟಿಕ್ಕೇ. ಅಲ್ಲಿಂದ ತಪ್ಪಿಸಿಕೊಳ್ಳುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಬಸಳೆ ಕಾಗದದ ಮೇಲೆ ಇದನ್ನಿಟ್ಟು, ಮೇಲೆ ಗಾಜು ಒತ್ತಿ, ತಾರಸಿಯ ಬಿಸಿಲಿಗೆ ಇಡಿ. ಏಪ್ರಿಲ್‌ನಲ್ಲಿ ನನಗೆ ಮೂರು ದಿನ ಬೇಕಾಯಿತು. ಬಿಸಿಲು ತಾಗಿದಲ್ಲಿ ಬಣ್ಣ ಮಾಸಿ, ನೆರಳಿದ್ದಲ್ಲಿ ನೇರಳೆ ಉಳಿಯುತ್ತದೆ. ಬಿಳಿ ಕೋಲಿನ ಪೆಟ್ಟಿಗೆಯ ಫೋಟೋ ಇದರಲ್ಲಿ ಬಹಳ ಚೆನ್ನಾಗಿ ಬರುತ್ತದೆ, ಗೆರೆಗಳು ಸ್ಪಷ್ಟ ಇರುವುದರಿಂದ. ಈ ಪ್ರಿಂಟನ್ನು ಬೆಳಕಿನಲ್ಲಿ ನೇತು ಹಾಕಿದರೆ ಅದೂ ಮಾಸುತ್ತದೆ. ಡಬ್ಬದಲ್ಲಿಟ್ಟು, ಬಂದವರಿಗೆ ತೆರೆದು ತೋರಿಸಿ.

ತೋರಿಸುವುದು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲಿ. ಬಲೆ ಸರಿಮಾಡುವ ಶೆಡ್ಡಿನಲ್ಲಿ ಜನ ಇರುತ್ತಾರೆ, ಪುರುಸೊತ್ತು ಇರುತ್ತದೆ, ಮೇಲೆ ಮಾಡು ಇರುತ್ತದೆ. ಕೇಳಿದೆ, ಒಪ್ಪಿದರು. ಬಟ್ಟೆಯ ಪ್ರಿಂಟುಗಳನ್ನು ಬಲೆಯ ಹಗ್ಗಕ್ಕೇ ಕಟ್ಟಿದೆವು, ಕೂತವರ ಕಣ್ಣಿನ ಎತ್ತರಕ್ಕೆ. ಕನ್ನಡದಲ್ಲಿ ಬರೆದದ್ದನ್ನು ಓದಲಾಗದವರಿಗೆ ಹುಡುಗರು ತುಳುವಿನಲ್ಲಿ ಓದಿ ಹೇಳಿದರು. ಪೆಟ್ಟಿಗೆಯನ್ನೂ ಅಲ್ಲೇ ಕಟ್ಟಿ ನಿಲ್ಲಿಸಿದ್ದೆ. ಮಕ್ಕಳು ಒಳಗೆ ಕೂತು ಆಡಿದರು. ಎಂಜಿನಿನ ಕೆಲಸದ ಇಬ್ಬರು ಡೀಸೆಲಿಗೆ ಲೆಕ್ಕ ಹಾಕಲು ಕೂತರು. ಲೀಟರಿಗೆ 2.7 ಕಿಲೋ ಎಂದು ನಾನು ಹೇಳಿದೆ. ಉಳಿದದ್ದನ್ನು ಅವರೇ ಶೆಡ್ಡಿನ ನೆಲದಲ್ಲಿ ಸೀಮೆಸುಣ್ಣದಿಂದ ಬರೆದರು. ಆ ನೆಲದ ಫೋಟೋ ಈಗ ನನ್ನ ಸರಣಿಯ ಕೊನೆಯದು.

ನಾಲ್ಕನೇ ದಿನ ಎಲ್ಲ ಬಿಚ್ಚಿದೆವು. ಬಟ್ಟೆಗಳನ್ನು ಮಡಚಿ ಡಬ್ಬಕ್ಕೆ, ಹನ್ನೆರಡು ಕೋಲುಗಳನ್ನು ಕಟ್ಟು ಕಟ್ಟಿ ಮನೆಗೆ. ಅಮ್ಮ ಅವನ್ನು ಜಗಲಿಯಲ್ಲಿ ಒರಗಿಸಿದ್ದು ನೋಡಿ, "ಬಸಳೆ ಚಪ್ಪರಕ್ಕೆ ಕೋಲು ಸಾಲದೆ ಬಳ್ಳಿ ನೆಲ ಹಿಡಿದಿದೆ" ಎಂದರು. ಆರು ಕೋಲು ಕೊಟ್ಟೆ.

"ಇನ್ನಾರು?" ಎಂದು ಕೇಳಿದರು.

ಅವನ್ನೂ ಕೊಟ್ಟೆ. ಬಳ್ಳಿ ಈಗ ಮೇಲೆ ಹತ್ತಿದೆ, ಸುಣ್ಣದ ಬಿಳಿ ಇನ್ನೂ ಎಲೆಗಳ ಸಂದಿಯಲ್ಲಿ ಕಾಣುತ್ತದೆ. ಕಾಯಿ ಕಪ್ಪಾಗಲು ಇನ್ನೊಂದು ತಿಂಗಳು ಬೇಕು.